ತೊಟ್ಟವನು ಆಡಬೇಕಾದ ಮಾತು

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರೊಬ್ಬರು ಸಿಕ್ಕರು. ಮಳೆ, ಬೆಳೆ, ಕಾಯಿಯ ಧಾರಣೆ ಎಲ್ಲ ಮಾತಾಡಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮೇಲೆ ತಿರುಗಿ, "ಅಂದಂಗೆ ಮೇಷ್ಟ್ರೇ, ನಿಮ್ ಟೈಲರಣ್ಣ ಓಗ್ಬುಟ್ರು. ಯುಗಾದಿ ಕಳ್ದು ಎಂಟು ದಿನಕ್ಕೆ. ಗೊತ್ತಾಯ್ತಾ?" ಎಂದರು. ಗೊತ್ತಾಗಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ಸಾವಿನ ಸುದ್ದಿಗಿಂತ ಮೊದಲು ನನ್ನನ್ನು ಚುಚ್ಚಿದ್ದು ಆ 'ನಿಮ್' ಎಂಬ ಮಾತು. ಊರಿನವರ ಪಾಲಿಗೆ ಅವರು ಇನ್ನೂ ನನ್ನವರಾಗಿದ್ದರು. ಹಾಗೆ ಕರೆಸಿಕೊಳ್ಳುವ ಯೋಗ್ಯತೆ ನನಗೆ ಉಳಿದಿಲ್ಲವೆಂಬುದು ಆ ಊರಿನಲ್ಲಿ ಬಹಳ ಜನಕ್ಕೆ ತಿಳಿಯದು. ತಿಳಿದಿದ್ದವರಲ್ಲಿ ಈ ಮಂಡಿಯವರೂ ಒಬ್ಬರು. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ತೀರಿಕೊಂಡವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾಗಿದ್ದ ಕಡೆ ಹೇಳಲಿಲ್ಲ. ಈಗ ಅಚ್ಚಿನಲ್ಲಿ ಹೇಳಿ ದೊಡ್ಡವನಾಗುವುದು ಬೇಡ. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಅವರನ್ನು ಟೈಲರಣ್ಣ ಎನ್ನುತ್ತಿದ್ದರು. ನಾನೂ ಹಾಗೇ ಅಂದವನು.

ಬಸ್ಸುಗಳು ನಿಲ್ಲುವ ಕಡೆಯಿಂದ ಮಂಡಿಗೆ ಹೋಗುವ ಬೀದಿಯಲ್ಲಿ ಅವರ ಅಂಗಡಿ. ಹಲಗೆಯ ಬಾಗಿಲು, ಒಂದು ಕಾಲ್ಮೆಷಿನ್ನು, ಕತ್ತರಿಸಲು ಒಂದು ಉದ್ದನೆಯ ಮೇಜು, ಕುಳಿತುಕೊಳ್ಳಲು ಒಂದು ಬೆಂಚು. ಕನ್ನಡಿ ಇರಲಿಲ್ಲ. ಯಾಕೆಂದು ಕೇಳಿದರೆ, "ಕನ್ನಡಿ ಮಡಗಿದ್ರೆ ಗಿರಾಕಿ ಮಖ ನೋಡ್ಕಂತಾನೆ, ಬಟ್ಟೆ ನೋಡಾಕಿಲ್ಲ" ಎನ್ನುತ್ತಿದ್ದರು. ಹೊಲಿದದ್ದನ್ನು ಗಿರಾಕಿಗೆ ತೊಡಿಸಿ, ಬೆಂಚಿನ ಮೇಲೆ ಕುಳಿತವರ ಮುಂದೆ ನಿಲ್ಲಿಸಿ, "ನೋಡ್ರಪ್ಪ, ಎಂಗೈತೆ?" ಎಂದು ಕೇಳುವುದು ಅವರ ಪದ್ಧತಿ. ಬೆಂಚಿನವರು ಬಾಯಿಗೆ ಬಂದದ್ದು ಹೇಳುತ್ತಿದ್ದರು. "ಬೆನ್ನತ್ರ ಚೀಲ ಕಟ್ದಂಗೈತೆ ಕಣಣ್ಣ" ಎಂದು ಯಾರಾದರೂ ಅಂದರೆ ಕೋಪವಿಲ್ಲ. ಅಲ್ಲೇ ಹೊಲಿಗೆ ಬಿಚ್ಚುವುದೇ. ಎಷ್ಟೋ ಕೋಟುಗಳು ಹೀಗೆ ಮೂರು ಸಲ, ನಾಲ್ಕು ಸಲ ಬಿಚ್ಚಿಸಿಕೊಂಡು ಮನೆ ಸೇರಿದವು.

ಅಳತೆ ತೆಗೆಯುವುದರಲ್ಲಿ ಅವರದೇ ಒಂದು ರೀತಿ. ಸುಮ್ಮನೆ ನೆಟ್ಟಗೆ ನಿಂತ ಮನುಷ್ಯನ ಅಳತೆಯನ್ನು ಅವರು ನಂಬುತ್ತಿರಲಿಲ್ಲ. "ನೆಟ್ಟಗೆ ನಿಂತ್ಕಂಡು ಯಾವನ್ಲಾ ಬದುಕ್ತಾನೆ?" ಎನ್ನುತ್ತಿದ್ದರು. ಮಂಡಿಯಲ್ಲಿ ದಿನವಿಡೀ ಚಕ್ಕಂಬಕ್ಕಲ ಹಾಕಿ ಕೂರುವ ವ್ಯಾಪಾರಿಯನ್ನು ನೆಲದ ಮೇಲೆ ಕೂರಿಸಿ ಹೊಟ್ಟೆಯ ಸುತ್ತಳತೆ ಹಿಡಿಯುತ್ತಿದ್ದರು. ಒಮ್ಮೆ ಅರಕಲಗೂಡಿನ ವಕೀಲರೊಬ್ಬರು ಕರಿ ಕೋಟಿಗೆ ಅಳತೆ ಕೊಡಲು ಬಂದರು. ಇವರು ಟೇಪು ಹಿಡಿದು, "ಒಂದ್ಸಲ ವಾದ ಮಾಡಿ ಸಾ" ಎಂದರು.

"ಯಾರ ಪರವಾಗಪ್ಪ?"

"ಯಾರ ಪರ ಆದ್ರೇನು, ಕೈ ಎತ್ತಿ ಮಾಡಿ."

ವಕೀಲರು ನಗುತ್ತ ಕೈಯೆತ್ತಿ "ಮಹಾಸ್ವಾಮಿ" ಎಂದರು. ಇವರು ಕಂಕುಳಿನ ಹತ್ತಿರ ಟೇಪಿಟ್ಟು ನೋಡಿ, "ಇನ್ನೊಂದ್ಸಲ ಮಾಡಿ. ಈಗ ಸೋಲ್ತಾ ಇರೋ ಕೇಸು" ಎಂದರು. ಬೆಂಚು ಗೊಳ್ಳೆಂದಿತು. ವಕೀಲರ ಕೈ ಈ ಸಲ ನಿಜವಾಗಿಯೂ ಒಂದು ಗೇಣು ಮೇಲೆ ಹೋಯಿತು. ಆ ಗೇಣಿಗೆ ತಕ್ಕಂತೆ ಹೊಲಿದ ಕೋಟು, ಅವರು ಎಷ್ಟು ಕೂಗಾಡಿದರೂ ಹೆಗಲ ಮೇಲಿಂದ ಏಳುತ್ತಿರಲಿಲ್ಲವಂತೆ.

ಬಟ್ಟೆಯ ವಿಷಯಕ್ಕೆ ಬಂದರೆ ಅವರು ಬಲು ಮಡಿವಂತರು. ಹತ್ತಿ, ಉಣ್ಣೆ, ರೇಷ್ಮೆ. ಈ ಮೂರು ಬಿಟ್ಟು ಲೋಕದಲ್ಲಿ ಬಟ್ಟೆಯೇ ಇಲ್ಲ. ಹತ್ತಿಯಾಗಲಿ ಉಣ್ಣೆಯಾಗಲಿ, ಕತ್ತರಿ ಹಾಕುವ ಮೊದಲು ನೀರಿನಲ್ಲಿ ನೆನೆಸಿ, ಹಿಂಡದೆ, ಹಿತ್ತಲಿನ ನೆರಳಿನಲ್ಲಿ ಹಗ್ಗದ ಮೇಲೆ ಹರವುತ್ತಿದ್ದರು. "ಕುಗ್ಗೋದಿದ್ರೆ ನನ್ ಮನೇಲೇ ಕುಗ್ಲಿ, ಗಿರಾಕಿ ಮೈಮ್ಯಾಕೆ ಬ್ಯಾಡ." ನೂಲಿಗೆ ಜೇನುಮೇಣ ಸವರುತ್ತಿದ್ದರು. ಯಾವತ್ತೂ ಹಲ್ಲಿನಿಂದ ನೂಲು ಕಡಿದವರಲ್ಲ. ಎಂಜಲು ಮಾಡಿದ ನೂಲನ್ನು ಇನ್ನೊಬ್ಬರ ಮೈಮೇಲೆ ಹೇಗೆ ಹಾಕುವುದು ಎಂಬುದು ಅವರ ಪ್ರಶ್ನೆ. ಟೆರಿಲಿನ್ ಬಂದ ಹೊಸತರಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಶರ್ಟಿಗೆಂದು ಟೆರಿಲಿನ್ ತುಂಡು ತಂದ. ಇವರು ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಸುರುಟಿ ಒಂದು ಕರಿ ಗುಂಡಾಯಿತು.

"ನೋಡಪ್ಪ, ಗೋಲಿ ಆಗೋಯ್ತು. ಬೆಂಕಿಗಾಕಿದ್ರೂ ಬೂದಿ ಆಗ್ದೆ ಇರೋದ್ನ ಮೈಮ್ಯಾಕೆ ಎಂಗಾಕ್ಕಂತೀಯ?"

ಗುಮಾಸ್ತ ಬಟ್ಟೆ ಎತ್ತಿಕೊಂಡು ಎದುರಂಗಡಿಗೆ ಹೋದ. ಆಮೇಲೆ ಹಾಗೆ ಹೋದವರು ಬಹಳ ಜನ.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಪಕ್ಕದ ಹಳ್ಳಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರಿಲ್ಲ. ನಾನು ಬಿ.ಎ. ಮಾಡಿದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅದು ನನಗೆ ಯಾರೂ ಕರೆದು ಕೊಟ್ಟದ್ದಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷವನ್ನು ಎರಡು ಶರ್ಟಿನಲ್ಲಿ ಕಳೆದೆ. ಆ ಎರಡನ್ನೂ ಹೊಲಿದವರು ಟೈಲರಣ್ಣನೇ. "ಒಳಗಡೆ ಬಟ್ಟೆ ಮಡಗಿವ್ನಿ ಕಣ್ಲಾ. ನೀನು ಬೆಳೆದಂಗೆಲ್ಲ ತಕಬಾ, ಬಿಚ್ಕೊಡ್ತೀನಿ" ಎಂದಿದ್ದರು. ರಜೆಗೆ ಬಂದಾಗಲೆಲ್ಲ ಬಿಚ್ಚಿ, ಅಗಲ ಮಾಡಿ, ಉಜ್ಜಿ ಹೋದ ಕಾಲರನ್ನು ತಿರುಗಿಸಿ ಹೊಲಿದು ಕೊಡುತ್ತಿದ್ದರು. ಅವರ ಕೈ ತಾಕಿದ ಮೇಲೆ ಆ ಶರ್ಟುಗಳು ಹಳೆಯವೆಂದು ಯಾರೂ ಹೇಳುವಂತಿರಲಿಲ್ಲ. ಹೊಲಿಗೆಯನ್ನು ಒಳಗಡೆಯಿಂದ ನೋಡಿದರೂ ಹೊರಗಡೆಯಷ್ಟೇ ಚೊಕ್ಕ. ಪಾಸಾದ ಸುದ್ದಿ ಹೇಳಲು ಹೋದಾಗ ಮೇಜಿನ ಹಿಂದಿನಿಂದ ಎದ್ದು ಬಂದು ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅಂದಿನಿಂದ ನನಗೆ ಅವರಿಟ್ಟ ಹೆಸರು 'ಬೀಯೆ.' "ಬಾರ್ಲಾ ಬೀಯೆ," "ಏನ್ಲಾ ಬೀಯೆ."

ಹಾಸನದ ಒಂದು ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸಕ್ಕೆ ಕರೆ ಬಂತು. ಕೋಟಿಲ್ಲದೆ ಹೋಗುವ ಹಾಗಿರಲಿಲ್ಲ. ಅಪ್ಪನಿಗೆ ಹೇಳಿದೆ. ಮೂರನೆಯ ದಿನ ಟವೆಲಿನಲ್ಲಿ ಸುತ್ತಿಕೊಂಡು ಒಂದು ಕೋಟು ತಂದ. ಅಪ್ಪ ವಾರಕ್ಕೆ, ಎಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಉಳುತ್ತಿದ್ದ ಜಮೀನಿನ ಒಡೆಯರದು. ಅವರು ತೀರಿಕೊಂಡು ವರ್ಷವಾಗಿತ್ತು, ಅವರ ಹೆಂಡತಿ ಕೊಟ್ಟಿದ್ದರು. ಕಡುನೀಲಿ ಉಣ್ಣೆಯ ಕೋಟಾಗಿದ್ದದ್ದು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊಣಕೈ ಎರಡೂ ಉಜ್ಜಿ ಮಿರಮಿರ ಎನ್ನುತ್ತಿದ್ದವು.

"ಸತ್ತೋರ ಕೋಟು ಹಾಕ್ಕೊಂಡು ನಾನು ಹೋಗಲ್ಲ" ಎಂದೆ.

ಅಪ್ಪ, "ಟೈಲರಣ್ಣಂಗೆ ತೋರ್ಸು. ಆಮೇಲೆ ಬ್ಯಾಡ ಅನ್ನು" ಎಂದಷ್ಟೇ ಹೇಳಿದ.

ಅಂಗಡಿಯಲ್ಲಿ ಟವೆಲು ಬಿಚ್ಚಲು ನಾಚಿ ನಿಂತಿದ್ದೆ. ಅವರೇ ಕಿತ್ತುಕೊಂಡು ನೋಡಿದರು. "ಮೂತಿ ಯಾಕ್ಲಾ ಅಂಗೆ ಮಾಡ್ಕಂಡಿದ್ದೀಯ?"

"ಹಳೇದು ಅಣ್ಣ."

"ಅಳೇದು ಅಂತ ಯಾವನ್ಲಾ ಯೋಳಿದ್ದು?" ಎಂದು ಕತ್ತರಿಯ ತುದಿಯಿಂದ ಒಂದು ಹೊಲಿಗೆ ಎಬ್ಬಿಸಿ, ಬಟ್ಟೆಯ ಒಳಮೈಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಆ ಕಡೆ ಹೊಚ್ಚಹೊಸ ಕಡುನೀಲಿ. "ಇಪ್ಪತ್ತು ವರ್ಸದಿಂದ ಬಿಸ್ಲು ಕಂಡಿಲ್ಲ ಈ ಮಗ್ಲು. ಇಂಥಾ ಉಣ್ಣೆ ಈಗ ದುಡ್ಡು ಕೊಟ್ರೂ ಸಿಕ್ಕಾಕಿಲ್ಲ. ಮಗುಚ್ಬುಡ್ತೀನಿ."

ಕೋಟು ಮಗುಚುವುದು ಎಂದರೆ ಪೂರ್ತಿ ಹೊಲಿಗೆ ಬಿಚ್ಚಿ, ಒಂದೊಂದು ಭಾಗವನ್ನೂ ತಿರುವಿ, ಒಳಮೈ ಹೊರಕ್ಕೆ ಬರುವಂತೆ ಮತ್ತೆ ಹೊಲಿಯುವುದು. ಕೇಳಲು ಸುಲಭ. ಆದರೆ ತಿರುವಿದಾಗ ಎಡಗಡೆಯದೆಲ್ಲ ಬಲಗಡೆಗೆ ಬರುತ್ತದೆ. ಎದೆಯ ಜೇಬು ಬಲಕ್ಕೆ ಹೋಗುತ್ತದೆ. ಗುಂಡಿ ಹಾಕುವ ಕಾಜಗಳು ಹೆಂಗಸರ ಉಡುಪಿನ ಹಾಗೆ ಬಲಗಡೆಗೆ ಬೀಳುತ್ತವೆ. ತಿಳಿದವರು ಒಂದು ನೋಟಕ್ಕೆ, ಇದು ಮಗುಚಿದ್ದು, ಯಾರೋ ತೊಟ್ಟು ಬಿಟ್ಟದ್ದು ಎಂದು ಗುರುತಿಸಿಬಿಡುತ್ತಾರೆ. ಟೈಲರಣ್ಣ ಅದೇ ಕೋಟಿನ ಮಡಿಕೆಯ ಅಂಚಿನಿಂದ ಎಳೆಗಳನ್ನು ಬಿಡಿಸಿಕೊಂಡು, ಕೂದಲಿನಂಥ ಸೂಜಿಯಿಂದ ಆ ಜೇಬಿನ ಸೀಳನ್ನೂ ಮೂರು ಕಾಜಗಳನ್ನೂ ನೇಯ್ದು ಮುಚ್ಚಿದರು. ಎಂಟು ದಿನ ಹಿಡಿಯಿತು. ಎಡಗಡೆ ಹೊಸ ಜೇಬು, ಹೊಸ ಕಾಜ ಮಾಡಿದರು. ಮುಚ್ಚಿದ ಜಾಗ ಎಲ್ಲಿದೆಯೆಂದು ನನಗೇ ಕಾಣಲಿಲ್ಲ. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟು ತೋರಿಸಿದರು.

ಈ ಕೋಟನ್ನು ಮಾತ್ರ ಬೆಂಚಿನವರ ಮುಂದೆ ತೊಡಿಸಿ ನೋಡಲಿಲ್ಲ. ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋಗಿ ಹೆಂಡತಿಯನ್ನು ಕರೆದರು. ಆ ತಾಯಿ ರಾಗಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ನನ್ನ ಸುತ್ತ ಒಂದು ಸುತ್ತು ಬಂದು, "ಎಡಗಡೆ ತ್ವಾಳು ಒಂಚೂರು ಎಳೀತೈತೆ. ಮಿಕ್ಕಂಗೆ ಮದ್ವೆ ಗಂಡಿದ್ದಂಗವ್ನೆ" ಎಂದರು. ಹಿಂದೆ ಕರೆದುಕೊಂಡು ಬಂದದ್ದು ಯಾಕೆ ಎಂದು ಕೇಳಿದೆ.

"ಮಗುಚಿದ್ ಕೋಟಿನ ಮಾತ್ನ ತೊಟ್ಟೋನು ಆಡ್ಬೇಕು, ಒಲ್ದೋನು ಆಡ್ಬಾರ್ದು ಕಣ್ಲಾ. ನಂಗೆ ಕಲ್ಸಿದೋರು ಆಣೆ ಆಕ್ಸಿ ಯೋಳಿಕೊಟ್ಟವ್ರೆ. ಬಡವ ಮರ್ಯಾದೆ ಕೇಳ್ಕಂಡು ಬಂದಿರ್ತಾನೆ. ಅದ್ನ ನಾವು ಬೀದೀಲಿ ಬಿಚ್ಬಾರ್ದು."

ನಾನು ಆ ಕೋಟು ತೊಟ್ಟು ಹಾಸನಕ್ಕೆ ಹೋದೆ. ಕೆಲಸ ಸಿಕ್ಕಿತು.

ಹಾಸನದ ಸ್ಟಾಫ್ ರೂಮಿನಲ್ಲಿ ನಾನು ಎಲ್ಲರಿಗಿಂತ ಕಿರಿಯ. ಮಿಕ್ಕವರ ಅಪ್ಪಂದಿರು ಮೇಷ್ಟರು, ಶಾನುಭೋಗರು, ರೆವಿನ್ಯೂ ಇನ್ಸ್‌ಪೆಕ್ಟರು. ಮಾತಿನ ನಡುವೆ 'ನಮ್ಮ ತಂದೆಯವರ ಕಾಲದಲ್ಲಿ' ಎಂಬ ಮಾತು ಸಲೀಸಾಗಿ ಬರುತ್ತಿತ್ತು. ನಾನು ಅಂಥ ಹೊತ್ತಿನಲ್ಲಿ ಸುಮ್ಮನಿರುತ್ತಿದ್ದೆ. ಆದರೆ ಕೋಟು ಸುಮ್ಮನಿರಲಿಲ್ಲ. ಮೊದಲ ವಾರದಲ್ಲೇ ಹೆಡ್ಮಾಸ್ಟರು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಭೇಷ್. ಎಲ್ಲಿ ಹೊಲಿಸಿದಿರಿ?" ಎಂದು ಎಲ್ಲರ ಮುಂದೆ ಕೇಳಿದರು.

"ಬೆಂಗಳೂರಲ್ಲಿ ಸರ್. ಕಂಟೋನ್ಮೆಂಟಿನಲ್ಲಿ" ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ತಾನಾಗಿಯೇ ಬಂತು. ನಾನು ಅಲ್ಲಿಯತನಕ ಕಂಟೋನ್ಮೆಂಟನ್ನು ನೋಡಿಯೇ ಇರಲಿಲ್ಲ. "ಅದೇ ಅಂದ್ಕೊಂಡೆ" ಎಂದರು ಹೆಡ್ಮಾಸ್ಟರು. ಸ್ಟಾಫ್ ರೂಮಿನಲ್ಲಿ ಅಂದಿನಿಂದ ನನಗೆ ಕುರ್ಚಿ ಸ್ವಲ್ಪ ಹತ್ತಿರಕ್ಕೆ ಸರಿಯಿತು.

ನಾಲ್ಕು ವರ್ಷವಾದ ಮೇಲೆ ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುವ ಮೇಷ್ಟರ ಹುದ್ದೆಯೊಂದನ್ನು ತೆರೆದರು. ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ಟೆರಿಲಿನ್ ಹೊಲಿಯುವ ಎರಡು ಅಂಗಡಿಗಳು ಎದ್ದಿದ್ದವು. ಟೈಲರಣ್ಣನ ಬೆಂಚು ಖಾಲಿಯಾಗುತ್ತಿತ್ತು. ಕಣ್ಣೂ ಮಂಜಾಗಿತ್ತು. ಊರಿಗೆ ಹೋದಾಗ ಹುದ್ದೆಯ ಸುದ್ದಿಯನ್ನು ನಾನೇ ಅವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ನಂಗೆ ಕೊಟ್ಟಾರ್ಲಾ? ಸರ್ಟಿಫಿಕೇಟು ಇಲ್ವಲ್ಲ."

"ಕೆಲಸ ನೋಡಿ ಕೊಡ್ತಾರೆ ಅಣ್ಣ. ಅರ್ಜಿ ನಾನು ಬರ್ಕೊಡ್ತೀನಿ."

"ಸಂಬ್ಳ ಬಂದ್ರೆ ಬರ್ಲಿ. ಅದಲ್ಲ ಕಣ್ಲಾ. ನಮ್ ಮನೇಲಿ ಸೂಜಿ ಇಡಿಯೋರು ಇನ್ಯಾರೂ ಇಲ್ಲ. ಈ ಕೈಲಿರೋದ್ನ ನಾಕು ಜನಕ್ಕೆ ಕೊಟ್ಟು ಓಗ್ಬುಟ್ರೆ ಸಾಕು."

ಅರ್ಜಿ ಬರೆದೆ. ಅದರಲ್ಲಿ ಅವರ ಬಗ್ಗೆ ಒಳ್ಳೊಳ್ಳೆಯ ಮಾತುಗಳನ್ನೇ ಹಾಕಿದೆ. ಬರೆದವನು ನಾನೆಂದು ಮಾತ್ರ ಯಾರಿಗೂ ತಿಳಿಸಲಿಲ್ಲ.

ಸಂದರ್ಶನ ಹೆಡ್ಮಾಸ್ಟರ ಕೊಠಡಿಯಲ್ಲಿ ನಡೆಯಿತು. ಅವರ ಜೊತೆ ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರಿದ್ದರು. ನನ್ನ ಕೈಬರಹ ದುಂಡಗಿದೆಯೆಂದು ಟಿಪ್ಪಣಿ ಬರೆಯಲು ನನ್ನನ್ನು ಮೂಲೆಯ ಮೇಜಿನಲ್ಲಿ ಕೂರಿಸಿದರು. ನಾನು ಅದೇ ಕೋಟು ತೊಟ್ಟಿದ್ದೆ. ನನ್ನಲ್ಲಿದ್ದದ್ದು ಅದೊಂದೇ.

ಮೊದಲು ಬಂದವನು ಸರ್ಕಾರಿ ಸರ್ಟಿಫಿಕೇಟು ಹಿಡಿದ ಯುವಕ. ಆಮೇಲೆ ಟೈಲರಣ್ಣ. ಬಿಳಿ ಪಂಚೆ, ತಾವೇ ಹೊಲಿದ ಖಾದಿ ಶರ್ಟು. ನನ್ನನ್ನು ಮೂಲೆಯಲ್ಲಿ ಕಂಡು ಮುಖ ಅರಳಿತು. ಆದರೆ ಮಾತಾಡಿಸಲಿಲ್ಲ. ಅಧಿಕಾರಿಗಳಿಗೆ ಕೈಮುಗಿದು, ಮಾದರಿಗೆಂದು ತಂದಿದ್ದ ಶರ್ಟನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಅದನ್ನು ಸರಿಯಾಗಿ ಬಿಡಿಸಿಯೂ ನೋಡಲಿಲ್ಲ.

"ಶರ್ಟನ್ನ ಯಾರು ಬೇಕಾದ್ರೂ ಹೊಲೀತಾರೆ. ಇದನ್ನ ನೀವೇ ಹೊಲಿದದ್ದು ಅಂತ ಹೇಗೆ ನಂಬೋದು? ರಫು ಬರುತ್ತಾ? ಮಕ್ಕಳಿಗೆ ಹರಿದ ಬಟ್ಟೆ ನೇಯೋದು ಕಲಿಸ್ಬೇಕು, ಪಾಠಪಟ್ಟಿಯಲ್ಲಿದೆ."

"ಬತ್ತದೆ ಸಾ. ಜೇಬಿನ ಸೀಳ್ನೇ ಮುಚ್ಚಿವ್ನಿ. ಯಾರ್ಗೂ ಕಾಣಾಕಿಲ್ಲ."

"ಎಲ್ಲಿದೆ, ತೋರಿಸಿ."

ಟೈಲರಣ್ಣ ಮೇಜಿನ ಮೇಲಿನ ಶರ್ಟಿನ ಮಡಿಕೆ ಸರಿಮಾಡಿದರು. ಆಮೇಲೆ, "ಇಲ್ಲೇ ಆಸನದ ಊರ್ನಲ್ಲೈತೆ ಸಾ. ತೊಟ್ಟೋರು ಯೋಳ್ಬೇಕು, ನಾನು ಯೋಳೋ ಅಂಗಿಲ್ಲ" ಎಂದರು.

ಅಧಿಕಾರಿ ನಕ್ಕರು. "ಇದೊಳ್ಳೆ ಕಥೆ. ಕಾಣದ ರಫು, ಹೆಸರಿಲ್ಲದ ಗಿರಾಕಿ."

ಹೆಡ್ಮಾಸ್ಟರು ಒಳ್ಳೆಯ ಮನುಷ್ಯ. ಅವರಿಗೆ ಈ ಮುದುಕನಿಗೆ ಹೇಗಾದರೂ ಒಂದು ಅವಕಾಶ ಕೊಡಬೇಕೆನಿಸಿತೆಂದು ಕಾಣುತ್ತದೆ. ನನ್ನ ಕಡೆ ತಿರುಗಿದರು. "ನೀವೂ ಚನ್ನರಾಯಪಟ್ಟಣದ ಕಡೆಯವರಲ್ವೇನ್ರೀ? ಇವರ ಕೆಲಸ ಗೊತ್ತೇ ನಿಮಗೆ? ನೀವೇನಾದ್ರೂ ಹೊಲಿಸಿದ್ದೀರಾ?"

ಟೈಲರಣ್ಣ ನನ್ನನ್ನು ನೋಡಿದರು. ನನ್ನ ಮುಖವನ್ನಲ್ಲ, ಎದೆಯ ಬಲಭಾಗವನ್ನು ನೋಡಿದರು. ಅಲ್ಲಿ ಬೆರಳಿಟ್ಟು 'ಇಲ್ಲಿ ಸರ್' ಎಂದಿದ್ದರೆ ಮುಗಿದಿತ್ತು. ಅಧಿಕಾರಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದರು, ಅವರಿಗೆ ಏನೂ ಕಾಣುತ್ತಿರಲಿಲ್ಲ, ಕೆಲಸ ಟೈಲರಣ್ಣನದಾಗುತ್ತಿತ್ತು. ಆದರೆ ಅದರ ಜೊತೆಗೆ ಕಂಟೋನ್ಮೆಂಟಿನ ಸುಳ್ಳು ಹೊರಬೀಳುತ್ತಿತ್ತು. ಸತ್ತ ಒಡೆಯರ ಕೋಟು ತೊಟ್ಟು ನಾಲ್ಕು ವರ್ಷ ಅವರ ನಡುವೆ ಕುರ್ಚಿ ಹಾಕಿಕೊಂಡು ಕುಳಿತವನು ನಾನೆಂದು ತಿಳಿಯುತ್ತಿತ್ತು. ಇಷ್ಟೆಲ್ಲ ಯೋಚಿಸಲು ಹೊತ್ತು ಹಿಡಿಯಿತು ಎಂದುಕೊಳ್ಳಬೇಡಿ. ಭಯಕ್ಕೆ ಅಷ್ಟು ಹೊತ್ತು ಬೇಡ.

"ಅಂಗಡಿ ನೋಡಿದ್ದೇನೆ ಸರ್. ವಿದ್ಯಾರ್ಥಿಯಾಗಿದ್ದಾಗ ಒಂದೆರಡು ಶರ್ಟು ಹೊಲಿಸಿದ್ದೆ" ಎಂದೆ.

"ರಫು ಗಿಫು?" ಎಂದರು ಹೆಡ್ಮಾಸ್ಟರು.

"ಗೊತ್ತಿಲ್ಲ ಸರ್."

ಟೈಲರಣ್ಣ ಕಣ್ಣು ಕೆಳಗೆ ಹಾಕಿದರು. ಕೈ ಚಾಚಿ ತೋರಿಸಿದ್ದರೆ ಅವರ ಕಸುಬು ನನ್ನ ಮೈಮೇಲೇ ಇತ್ತು. ಎರಡು ಮಾರಿನ ದೂರ. ಅವರು ಶರ್ಟನ್ನು ಮಡಿಕೆ ಮುರಿಯದಂತೆ ಮಡಿಸಿ, ಕಂಕುಳಲ್ಲಿಟ್ಟುಕೊಂಡು, ಮತ್ತೆ ಕೈಮುಗಿದು ಹೋದರು. ಬಾಗಿಲು ದಾಟಿದ ಮೇಲೆ ಅಧಿಕಾರಿ, "ಈ ಹಳೇ ಕೈಗಳ ಬಡಾಯಿ ನೋಡಿ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವೆ?" ಎಂದರು. ಹೆಡ್ಮಾಸ್ಟರು ಬೇಸರದಿಂದ ತಲೆಯಾಡಿಸಿ ನನಗೆ, "ಬರ್ಕೊಳ್ಳಿ" ಎಂದರು. ನಾನು ಬರೆದುಕೊಂಡೆ. 'ಅನುಭವದ ಬಗ್ಗೆ ಹೇಳಿಕೆ ನಂಬಲರ್ಹವಲ್ಲ.' ನನ್ನ ದುಂಡು ಅಕ್ಷರದಲ್ಲಿ.

ಆಮೇಲೆ ಒಂದೂವರೆ ವರ್ಷ ಆ ಬೀದಿಗೆ ಹೋಗಲಿಲ್ಲ. ನಮ್ಮೂರಿಗೆ ಹೋಗಲು ಬಾಗೂರಿನ ದಾರಿ ಹಿಡಿಯಬೇಕಾದಾಗ ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಊರ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಅಪ್ಪ ಕೇಳಿದ, "ಟೈಲರಣ್ಣನ್ನ ಮಾತಾಡ್ಸಿದಾ?" ನಾನು ಹ್ಞೂಂ ಅಂದೆ. ಸುಳ್ಳು ಒಂದಕ್ಕೇ ನಿಲ್ಲುವುದಿಲ್ಲವಲ್ಲ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಶರ್ಟಿಗಾಗುವಷ್ಟು ಹತ್ತಿ ಬಟ್ಟೆ ಕೊಂಡು, ಅದನ್ನೇ ನೆಪ ಮಾಡಿಕೊಂಡು ಹೋದೆ. ಬೆಂಚಿನ ಮೇಲೆ ಮಂಡಿಯವರೊಬ್ಬರೇ ಇದ್ದರು, ಹೋದ ತಿಂಗಳು ಸಿಕ್ಕಿದರೆಂದೆನಲ್ಲ, ಅವರೇ. ಟೈಲರಣ್ಣ ದಪ್ಪ ಕನ್ನಡಕ ಹಾಕಿಕೊಂಡಿದ್ದರು. "ಬನ್ನಿ ಮೇಷ್ಟ್ರೇ, ಬನ್ನಿ" ಎಂದರು. ಬೀಯೆ ಇಲ್ಲ. ಲಾ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬಹುವಚನವನ್ನು ತಡೆಯುವುದು ಕಷ್ಟವಾಯಿತು.

ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, "ಒಳ್ಳೆ ಅತ್ತಿ. ನೀರು ಕುಡಿಸ್ಬೇಕು, ಗುರುವಾರ ಆಯ್ತದೆ" ಎಂದರು. ಆಮೇಲೆ ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. "ಬೋರ್ಡ್ ಮ್ಯಾಲೆ ಬರ್ದಂಗೆ ಬರೀರಿ ಸಾ." ನಾನು ಕೈಯೆತ್ತಿ ಸುಣ್ಣದ ಗೋಡೆಯ ಮೇಲೆ ಬೆರಳಿನಿಂದ ಬರೆಯುತ್ತಿದ್ದೆ, ಅವರು ಬೆನ್ನ ಹಿಂದೆ ಟೇಪು ಹಿಡಿದಿದ್ದರು. ಅವರ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಮಾತು ಹೊರಬಂತು.

"ಅಣ್ಣ, ಅವತ್ತು ನಾನು ಹೇಳ್ಬೇಕಾಗಿತ್ತು. ನನ್ನ ಕೋಟು ನೀವು ಮಗುಚಿ ಹೊಲಿದದ್ದು ಅಂತ. ನೀವು ಹೇಳಿದ್ದೆಲ್ಲ ನಿಜ ಅಂತ. ಭಯ ಆಯ್ತು. ಸುಳ್ಳು ಹೇಳಿದೆ. ನಿಮ್ಮ ಕೆಲಸ ಕಳೆದೋನು ನಾನೇ."

ಬೆಂಚಿನಿಂದ ಮಂಡಿಯವರು "ಶಿವನೇ" ಅಂದದ್ದು ಕೇಳಿಸಿತು. ಟೇಪು ನನ್ನ ಬೆನ್ನ ಮೇಲೆ ಹಾಗೇ ನಿಂತಿತು.

"ಇಲ್ಲಿ ಯಾಕೆ ಯೋಳ್ತೀರಿ ಸಾ?" ಎಂದರು ಟೈಲರಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿರೋರ್ಗೆ ನನ್ ಕೈ ಗೊತ್ತಿಲ್ವಾ? ಇದ್ನ ಯೋಳೋ ಜಾಗ ಆಸನದ ಇಸ್ಕೂಲು."

"ಕೆಲಸ ಬೇರೆಯವರಿಗೆ ಆಗೋಯ್ತಲ್ಲ ಅಣ್ಣ."

"ಕೆಲ್ಸ ಓಗ್ಲಿ ಬುಡಿ. ಆ ಉಡುಗ ಓದ್ಕಂಡಿದ್ದ, ಅವ್ನಿಗೆ ಆಯ್ತು. ನಿಮ್ ಎಡ್ಮಾಸ್ಟ್ರು ದೊಡ್ಡೋರು. ಅವ್ರು ನನ್ನ ಸುಳ್ಳ ಅಂತ ತಿಳ್ಕಂಡವ್ರೆ. ನಾನು ಬಾಗ್ಲು ದಾಟಿದ್ಮ್ಯಾಕೆ ಆ ಆಪೀಸರು ಅಂದಿದ್ದು ಕೇಳಿಸ್ತು. ಮೂವತ್ತು ವರ್ಸ ಕತ್ರಿ ಇಡ್ದಿವ್ನಿ, ಒಂದು ಗೇಣು ಬಟ್ಟೆ ಕದ್ದೋನಲ್ಲ, ಆಡಿದ್ ಮಾತು ತಪ್ಪಿದೋನಲ್ಲ. ಅವ್ರ ತಾವ ಓಗಿ, 'ಆ ಮನ್ಸ ಸುಳ್ಳ ಅಲ್ಲ' ಅಂತ ಒಂದ್ ಮಾತು ಯೋಳ್ಬುಡಿ. ಇನ್ನೇನೂ ಬ್ಯಾಡ ನಂಗೆ." ಆಮೇಲೆ ಟೇಪು ಸುತ್ತುತ್ತ, "ಕೈ ಇಳ್ಸಿ ಸಾ, ಆಯ್ತು" ಎಂದರು.

"ನಾಳೆನೇ ಹೇಳ್ತೀನಿ ಅಣ್ಣ" ಎಂದೆ. ಆ ಹೊತ್ತಿನಲ್ಲಿ ಹೇಳಿಯೇ ಹೇಳುತ್ತೇನೆಂದು ನನಗೂ ನಂಬಿಕೆಯಿತ್ತು. ಮಂಡಿಯವರು ನನ್ನ ಹಿಂದೆಯೇ ಬೀದಿಗೆ ಬಂದು, "ಮೇಷ್ಟ್ರೇ, ನಾನು ಯಾರ್ಗೂ ಯೋಳಾಕಿಲ್ಲ. ನೀವು ಯೋಳ್ಬೇಕಾದೋರ್ಗೆ ಯೋಳಿ" ಎಂದರು.

ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಹೆಡ್ಮಾಸ್ಟರ ಕೊಠಡಿಯ ಬಾಗಿಲಲ್ಲಿ ನಿಂತೆ. ಒಳಗೆ ಅವರೊಬ್ಬರೇ ಇದ್ದರು. ಯಾರೂ ಕೇಳಿಸಿಕೊಳ್ಳುವವರಿರಲಿಲ್ಲ. ಇದಕ್ಕಿಂತ ಸುಲಭದ ಜಾಗ ಲೋಕದಲ್ಲಿ ಸಿಕ್ಕುವುದಿಲ್ಲ. ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಪಾಠದ ಹಾಗೆ ಒಪ್ಪಿಸಿಕೊಂಡು ಬಂದಿದ್ದೆ.

ಅವರು ತಲೆಯೆತ್ತಿ, "ಬನ್ನಿ, ಬನ್ನಿ. ಏನು ವಿಷಯ?" ಎಂದು ನಕ್ಕರು. ನನ್ನನ್ನು ಕಂಡರೆ ಅವರಿಗೆ ನಿಜವಾಗಿಯೂ ವಿಶ್ವಾಸ. ಎಲ್ಲರಿಗೂ ಹಾಗೆ ನಗುವವರಲ್ಲ.

"ಅರ್ಧ ದಿನ ರಜೆ ಬೇಕಿತ್ತು ಸರ್" ಎಂದೆ.

"ಅದಕ್ಕೇನಂತೆ. ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ?"

"ಕ್ಷೇಮ ಸರ್."

ಚೀಟಿಗೆ ಸಹಿ ಹಾಕಿ ಕೊಟ್ಟರು. ಮುಂದಿನ ಬೇಸಿಗೆಯಲ್ಲಿ ಅವರಿಗೆ ವರ್ಗವಾಗುವತನಕ ದಿನಕ್ಕೆ ನಾಲ್ಕು ಸಲ ನಾನು ಆ ಬಾಗಿಲ ಮುಂದೆ ಹಾದುಹೋಗಿದ್ದೇನೆ. ಗುರುವಾರ ಶರ್ಟು ತರಲು ಹೋಗಲಿಲ್ಲ. ಯಾರದೋ ಕೈಯಲ್ಲಿ ಅವರೇ ಅದನ್ನು ಹಾಸನಕ್ಕೆ ಕಳಿಸಿದರು. ಅದರ ಜೊತೆ ಒಂದು ಮಾತೂ ಹೇಳಿಕಳಿಸಿರಲಿಲ್ಲ, ಹೇಳಿದಿರಾ ಎಂದು ಕೇಳಿರಲೂ ಇಲ್ಲ. ನಾನು ಹೇಳಿದ್ದೇನೆಂದೇ ಅವರು ನಂಬಿಕೊಂಡಿದ್ದರೋ, ಇಲ್ಲವೆಂದು ತಿಳಿದು ಸುಮ್ಮನಾದರೋ, ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ನನ್ನ ಭಾರ ಹಗುರಾಗುವುದಿಲ್ಲ.

ಆ ಸೋಮವಾರ ಮಧ್ಯಾಹ್ನ ರಜೆ ಚೀಟಿ ಜೇಬಿನಲ್ಲಿಟ್ಟುಕೊಂಡು ಶಾಲೆಯಿಂದ ಹೊರಗೆ ಬಂದೆ. ಅರ್ಧ ದಿನ ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಗೆ ಹೋದರೆ ಮನೆಯವರು ಯಾಕೆ ಬಂದಿರೆಂದು ಕೇಳುತ್ತಾರೆ. ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತೆ. ಹೊಳೆನರಸೀಪುರದ ಬಸ್ಸು ಹೋಯಿತು. ಚನ್ನರಾಯಪಟ್ಟಣದ ಬಸ್ಸುಗಳು ಮೂರು ಹೋದವು. ಮೂರನೆಯದರ ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಸಾ, ಬತ್ತೀರಾ? ಸೀಟೈತೆ" ಎಂದು ಕೂಗಿದ. ಇಲ್ಲವೆಂದು ಕೈಯಾಡಿಸಿದೆ. ಸ್ಕೂಲು ಬಿಡುವ ಹೊತ್ತಾಗುವತನಕ ಅಲ್ಲೇ ಕುಳಿತಿದ್ದು, ಆಮೇಲೆ ಎದ್ದು, ದಿನದ ಕೆಲಸ ಮುಗಿಸಿ ಬಂದವನ ಹಾಗೆ ಮನೆಗೆ ಹೋದೆ.